ಅಗಿಯದ ಮುದ್ದೆ

ಅಜ್ಜೀಪುರದ ರಾಜಣ್ಣನಿಗೆ ಹೊಟ್ಟೆಕಿಚ್ಚು ಶುರುವಾಗಿದ್ದು ಹೊಟ್ಟೆ ಹೋದ ಮೇಲೆಯೇ. ಅದಕ್ಕೆ ಮುಂಚೆ ಆತ ಯಾರನ್ನೂ ಕಂಡು ಕರುಬಿದವನಲ್ಲ. ಪಕ್ಕದವನ ಮುಸುಕಿನ ಜೋಳ ತನ್ನದಕ್ಕಿಂತ ಎತ್ತರ ಬಂದರೂ, ಹನೂರಿನಲ್ಲಿ ಯಾರೋ ಹೊಸ ಹಿಟ್ಟಿನ ಮಿಲ್ಲು ಹಾಕಿ ತನ್ನ ಮಿಲ್ಲಿನ ಗಿರಾಕಿಗಳನ್ನು ಸೆಳೆದುಕೊಂಡರೂ, "ಓಗ್ಲಿ ಬುಡು" ಎಂದು ಊಟಕ್ಕೆ ಕೂತುಬಿಡುತ್ತಿದ್ದ. ತಟ್ಟೆಯ ಮುಂದೆ ಕೂತ ರಾಜಣ್ಣನಿಗೆ ಲೋಕದಲ್ಲಿ ಯಾರ ಮೇಲೂ ದೂರಿರಲಿಲ್ಲ.

ಅವನು ಉಣ್ಣುವುದನ್ನು ನೋಡುವುದೇ ಒಂದು ಸೊಗಸು ಎಂದು ಊರಿನವರು ಹೇಳುತ್ತಿದ್ದರು. ಮುದ್ದೆಯನ್ನು ಆ ಕಡೆ ಯಾರೂ ಅಗಿಯುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟು ನುಂಗುವುದು, ಅಷ್ಟೇ. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ ಮಾನ ಹೋಗುತ್ತದೆ. ಬ್ಯಾಂಕಿಗೆ ವರ್ಗವಾಗಿ ಬಂದಿದ್ದ ಯಾವುದೋ ದೂರದೂರಿನ ಮ್ಯಾನೇಜರು ಪಂಕ್ತಿಯಲ್ಲಿ ಕೂತು ಮುದ್ದೆ ಅಗಿದದ್ದನ್ನು ರಾಜಣ್ಣ ತನ್ನ ಮಿಲ್ಲಿಗೆ ರಾಗಿ ತಂದವರಿಗೆಲ್ಲ ದವಡೆ ಆಡಿಸಿ ತೋರಿಸಿ ನಗಿಸುತ್ತಿದ್ದ. ತಾನಾದರೋ ಎರಡು ಮುದ್ದೆಯನ್ನು ಮಾತಿನ ಮಧ್ಯೆಯೇ ಮುಗಿಸಿ ಮೂರನೆಯದಕ್ಕೆ ತಟ್ಟೆ ಮುಂದೆ ತಳ್ಳುವ ಆಳು.

ಅವನ ಹೆಂಡತಿ ರೂಪ ಯಳಂದೂರು ಕಡೆಯ ಮಾಂಬಳ್ಳಿಯ ಹೆಣ್ಣು. ಗದ್ದೆ ಸೀಮೆಯವಳು, ತವರಿನಲ್ಲಿ ಅನ್ನವೇ ಹೆಚ್ಚು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ತೊಳಸಿದ ಮುದ್ದೆಯಲ್ಲಿ ಕಡಲೆಕಾಳಿನಷ್ಟು ದಪ್ಪದ ಹಸಿ ಹಿಟ್ಟಿನ ಗಂಟುಗಳು ಎದ್ದು ಕಾಣುತ್ತಿದ್ದವು. ಅತ್ತೆ ಮೂತಿ ತಿರುಗಿಸಿದರು. ರೂಪ ಒಲೆಯ ಮುಂದೆ ಮೂಗು ಒರೆಸಿಕೊಂಡು ಕೂತಳು. ರಾಜಣ್ಣ ಮಾತ್ರ ಗಂಟು ಸಮೇತ ನುಂಗಿ, ತಟ್ಟೆ ಖಾಲಿ ಮಾಡಿ, ತಲೆ ಎತ್ತದೆ "ಇನ್ನೊಂದು ಆಕು" ಎಂದ. ಹೆಂಡತಿಯನ್ನು ಹೊಗಳುವುದಕ್ಕೆ ಅವನಿಗೆ ಗೊತ್ತಿದ್ದದ್ದು ಆ ಎರಡೇ ಮಾತು. ಅದಾದ ಮೇಲೆ ರೂಪಳ ಕೈ ಪಳಗಿತು. ಮಡಕೆಯನ್ನು ಕಾಲುಗಳ ನಡುವೆ ಒತ್ತಿ ಹಿಡಿದು ಅವಳು ಕೋಲು ಆಡಿಸುವುದನ್ನು ಕಲಿಯಲು ಅಕ್ಕಪಕ್ಕದ ಸೊಸೆಯರು ಬರುವಂತಾಯಿತು. "ನಮ್ಮ ರೂಪನ ಮುದ್ದೇಲಿ ಸಾಸಿವೆಯಷ್ಟು ಗಂಟು ತೋರ್ಸ್ಬುಡಿ ನೋಡವ" ಎಂದು ರಾಜಣ್ಣ ಹೋದಲ್ಲೆಲ್ಲ ಜಂಬ ಕೊಚ್ಚುತ್ತಿದ್ದ.

ದೇಹ ಮಾತ್ರ ಸುಮ್ಮನಿರಲಿಲ್ಲ. ಐವತ್ತರ ಹತ್ತಿರ ಬರುವ ಹೊತ್ತಿಗೆ ರಾಜಣ್ಣ ಮಿಲ್ಲಿನ ಮೆಟ್ಟಿಲು ಹತ್ತಲು ಬಾಗಿಲ ಚೌಕಟ್ಟು ಹಿಡಿಯುವಂತಾದ. ಸಕ್ಕರೆ ಕಾಯಿಲೆ ಏರಿತು, ಮಂಡಿ ಹೋಯಿತು, ಮಲಗಿದರೆ ಉಸಿರು ಕಟ್ಟತೊಡಗಿತು. ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ಹೊಟ್ಟೆಯ ಚೀಲವನ್ನೇ ಕತ್ತರಿಸಿ ಚಿಕ್ಕದು ಮಾಡಬೇಕು, ಬಾಯಿ ಕಟ್ಟುವುದು ನಿಮ್ಮಿಂದ ಆಗುವ ಕೆಲಸವಲ್ಲ ಎಂದು ಮುಖದ ಮೇಲೆ ಹೇಳಿದರು. ರಾಜಣ್ಣ ಮೀನಮೇಷ ಎಣಿಸುತ್ತಿದ್ದಾಗ ರೂಪಳೇ ಮುಂದೆ ಬಂದು "ಮಾಡ್ಬುಡಿ ಸಾ, ಜೀವ ಉಳುದ್ರೆ ಸಾಕು" ಎಂದಳು. ಬಾಳೆಹಣ್ಣಿನಷ್ಟು ಉಳಿಸಿ ಮಿಕ್ಕ ಹೊಟ್ಟೆಯನ್ನು ತೆಗೆದುಹಾಕಿದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಸಕ್ಕರೆ ಮಾತ್ರೆ ಕಡಿಮೆಯಾಯಿತು, ಮಂಡಿ ಮಾತು ಕೇಳತೊಡಗಿತು, ಅಂಗಿಯೊಳಗೆ ಇನ್ನೊಬ್ಬ ರಾಜಣ್ಣ ಕೂರುವಷ್ಟು ಜಾಗವಾಯಿತು. ಊಟದ ಕಥೆ ಮಾತ್ರ ಬೇರೆ. ಮೊದಲು ನೀರಿನಂಥದ್ದು, ಆಮೇಲೆ ಗಂಜಿ, ಆಮೇಲೆ ನುಣ್ಣಗೆ ಮಸೆದದ್ದು. ತಿಂಗಳುಗಳು ಕಳೆದು ಇನ್ನು ಗಟ್ಟಿ ಪದಾರ್ಥ ತಿನ್ನಬಹುದು ಎಂದರೂ ಆ ಪುಟ್ಟ ಹೊಟ್ಟೆ ಒಪ್ಪಬೇಕಲ್ಲ. ಇಡ್ಲಿ ಒಪ್ಪುತ್ತಿತ್ತು, ಅದೂ ಅರ್ಧ. ಮೊಸರು ಒಪ್ಪುತ್ತಿತ್ತು. ಮೊಟ್ಟೆ ಒಂದು ದಿನ ಸರಾಗವಾಗಿ ಇಳಿದರೆ ಮಾರನೆಯ ದಿನ ಎದೆಯ ಗೂಡಿನಲ್ಲೇ ಹಟ ಹಿಡಿದು ನಿಲ್ಲುತ್ತಿತ್ತು. ಅನ್ನ ನಾಲ್ಕು ತುತ್ತಿಗೇ ಭಾರ. ಚಪಾತಿಯ ಸುದ್ದಿಯೇ ಬೇಡ. ಒಮ್ಮೆ ಆಸೆಗೆ ಬಿದ್ದು ಒಂದು ಲೋಟ ಬೆಲ್ಲದ ಪಾಯಸ ಕುಡಿದು, ಮೈಯೆಲ್ಲ ಬೆವತು, ಎದೆ ಹೊಡೆದುಕೊಂಡು, ಮಧ್ಯಾಹ್ನವಿಡೀ ರಾಗಿ ಮೂಟೆಯ ಮೇಲೆ ಅಂಗಾತ ಬಿದ್ದಿದ್ದ. ಊಟದ ಜೊತೆ ನೀರು ಮುಟ್ಟುವಂತಿಲ್ಲ. ಚಮಚ ಹಿಡಿದು ಚೂರುಚೂರೇ ತಿನ್ನಬೇಕು, ಪ್ರತಿ ಚೂರನ್ನೂ ಬಾಯಲ್ಲಿ ಕರಗುವ ತನಕ ಅಗಿಯಬೇಕು.

ಇದನ್ನೆಲ್ಲ ಹೇಳುತ್ತಿದ್ದವಳು ಆಸ್ಪತ್ರೆಯಲ್ಲಿ ಊಟದ ವಿಷಯ ನೋಡಿಕೊಳ್ಳುವ ಶೃತಿ ಎಂಬ ಹುಡುಗಿ. ಒಳ್ಳೆಯ ಹುಡುಗಿ, ಫೋನು ಮಾಡಿದರೆ ಬೇಸರವಿಲ್ಲದೆ ಮಾತಾಡುತ್ತಿದ್ದಳು. ಪರಂಗಿ ಹಣ್ಣು ತಿನ್ನಲೇ, ಹುರುಳಿಕಟ್ಟು ಕುಡಿಯಲೇ, ಕಾಫಿಗೆ ಹಾಲು ಎಷ್ಟು ಎಂದು ರಾಜಣ್ಣ ಎಲ್ಲವನ್ನೂ ಅವಳನ್ನೇ ಕೇಳುತ್ತಿದ್ದ. ಅವನು ಫೋನಿನಲ್ಲಿ ಮಾತಾಡುವಾಗ ರೂಪ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಮಿಲ್ಲು ಮನೆಗೆ ಅಂಟಿಕೊಂಡೇ ಇತ್ತು. ಮುಂಚೆಲ್ಲ ಮಧ್ಯಾಹ್ನವಾದರೆ "ಉಣ್ಣಕ್ಕೆ ಬನ್ನಿ" ಎಂಬ ಅವಳ ಕೂಗು ಯಂತ್ರದ ಸದ್ದನ್ನು ದಾಟಿ ಬರುತ್ತಿತ್ತು. ಈಗ ಅವಳು ಬಾಗಿಲಿಗೆ ಬಂದು "ಪೌಡ್ರು ಕುಡುದ್ರಾ?" ಎಂದು ಕೇಳಿ ಹೋಗುತ್ತಿದ್ದಳು. ಅದು ಹಾಲಿಗೆ ಬೆರೆಸಿ ಕುಡಿಯುವ ಆಸ್ಪತ್ರೆಯ ಪ್ರೋಟೀನ್ ಪುಡಿ. ಮನೆಯಲ್ಲಿ ಮುದ್ದೆ ತೊಳಸುವುದು ನಿಂತೇಹೋಯಿತು. ಗಂಡನ ಕಣ್ಣೆದುರು ಹೇಗೆ ಉಣ್ಣುವುದೆಂದು ರೂಪ ತಾನೂ ಬಿಟ್ಟಳು. ರಾಜಣ್ಣ ಅದನ್ನು ಗಮನಿಸಲಿಲ್ಲ, ಕಳೆದುಕೊಂಡ ಲೆಕ್ಕವೆಲ್ಲ ತನ್ನದೇ ಎಂದುಕೊಂಡಿದ್ದ.

ಇಂಥ ಹೊತ್ತಿನಲ್ಲಿ ಮಾದು ಬಂದ. ರಾಜಣ್ಣನ ಚಿಕ್ಕಪ್ಪನ ಮಗ, ಮೂವತ್ತೈದರ ಆಸುಪಾಸು, ಮೈಯಲ್ಲಿ ಒಂದು ಹಿಡಿ ಮಾಂಸವಿಲ್ಲ. ಅವನ ಹೆಂಡತಿ ಪುಷ್ಪ ಹೆರಿಗೆಗೆಂದು ತವರು ಸತ್ತೇಗಾಲಕ್ಕೆ ಹೋಗಿದ್ದಳು. ಮೂಟೆ ಎತ್ತುವ ಕೆಲಸ ಇನ್ನು ರಾಜಣ್ಣನಿಂದ ಆಗದು, ಮಾದುವಿಗೆ ಬೇಯಿಸಿ ಹಾಕುವವರಿಲ್ಲ. "ಮಿಲ್ಲು ನೋಡ್ಕ, ನಮ್ಮನೇಲೇ ಉಣ್ಣು ಕಣ್ಲಾ" ಎಂದು ಕರೆದವನು ಸ್ವತಃ ರಾಜಣ್ಣನೇ. ಕೊಡಲಿಯನ್ನು ಕಾಲಿನ ಮೇಲೆ ತಾನೇ ಹಾಕಿಕೊಂಡ.

ಮೊದಲ ದಿನ ರೂಪ ಅನ್ನ ಬಡಿಸಿದಳು. ಮಾದು ಉಂಡು, ಕೈ ತೊಳೆದು, ಸಂಕೋಚದಿಂದ "ಅತ್ಗೆ, ನಿಮ್ಮ ಕೈ ಮುದ್ದೆ ಉಂಡು ಕಾಲ ಆಯ್ತು" ಎಂದ. ಮಾರನೆಯ ದಿನ ಅಟ್ಟದಿಂದ ಕೋಲು ಇಳಿಯಿತು, ಮಡಕೆ ಒಲೆ ಏರಿತು. ಹುರುಳಿಕಾಳು ಬಸಿದ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದ ವಾಸನೆ ಮಿಲ್ಲಿನೊಳಗೆ ಬಂದು ರಾಜಣ್ಣನ ಕೊರಳಪಟ್ಟಿ ಹಿಡಿದು ಎಳೆಯಿತು. ಆಮೇಲೆ ಬಾಗಿಲಿಂದ ಕೂಗು ಬಂತು.

"ಮಾದು, ಉಣ್ಣಕ್ಕೆ ಬಾಪ್ಪಾ."

ತನ್ನ ಕೂಗು ಇನ್ನೊಬ್ಬನ ಹೆಸರಿಗೆ ಹೋದದ್ದನ್ನು ರಾಜಣ್ಣ ಕೂತಲ್ಲೇ ಕೇಳಿದ. ಒಳಗೆ ಹೋಗಿ ತನ್ನ ಪುಟ್ಟ ಬಟ್ಟಲು, ಮಕ್ಕಳ ಚಮಚ ಹಿಡಿದು ಎದುರು ಕೂತ. ಮಾದು ತುತ್ತು ಮುರಿದ, ಹೊರಳಿಸಿದ, ನುಂಗಿದ. ಗಂಟಲು ಒಮ್ಮೆ ಏರಿ ಇಳಿಯಿತು. ಮುದ್ದೆ ಮುಗಿಸಿ, ತಲೆ ಎತ್ತದೆಯೇ, "ಇನ್ನೊಂದು ಆಕಿ ಅತ್ಗೆ" ಎಂದ. ರೂಪಳ ಮುಖ ಅರಳಿತು. ಆ ಮುಖವನ್ನು ರಾಜಣ್ಣ ಆಪರೇಷನ್ ಆದಾಗಿನಿಂದ ಕಂಡಿರಲಿಲ್ಲ.

ರೂಪ ಎಂಥವಳು, ಮಾದು ಎಂಥವನು ಎಂಬುದು ಅವನಿಗೆ ಗೊತ್ತಿತ್ತು. ಕೆಟ್ಟ ಅನುಮಾನ ಅವನ ತಲೆಗೆ ಬರಲಿಲ್ಲ. ಬಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದ. ಅವನ ಕಿಚ್ಚು ಆ ಎರಡು ಮಾತಿನ ಮೇಲೆ, ಆ ನಗುವಿನ ಮೇಲೆ. ಉಣ್ಣಲಾರದ ಗಂಡ ಈ ಮನೆಗೆ ಯಾತಕ್ಕೆ ಬೇಕು ಎಂಬ ಭಯ ಒಳಗೆ ಹೊಕ್ಕಿತ್ತು. ಇವಳು ನನ್ನನ್ನು ಮತ್ತೆ ಊಟಕ್ಕೆ ಕರೆಯುತ್ತಾಳೋ ಇಲ್ಲವೋ ಎಂದು ಐವತ್ತರ ಗಂಡಸು ಯಾರ ಹತ್ತಿರ ಹೇಳಿಕೊಂಡಾನು?

ಹೇಳಲಾಗದ್ದನ್ನು ಅವನು ಕಿತಾಪತಿಯಲ್ಲಿ ತೀರಿಸಿಕೊಂಡ. ಮಾದು ತಟ್ಟೆಯ ಮುಂದೆ ಕೂತ ತಕ್ಷಣ ಮಿಲ್ಲಿನಿಂದ "ಬೆಲ್ಟು ಜಾರ್ತಾದೆ ಬಾರ್ಲಾ" ಎಂದು ಕೂಗುತ್ತಿದ್ದ. ಹೋಗಿ ನೋಡಿದರೆ ಬೆಲ್ಟು ಸರಿಯಾಗಿಯೇ ಇರುತ್ತಿತ್ತು. ಸಾರಿಗೆ ಉಪ್ಪು ಜಾಸ್ತಿ ಎಂದು ರುಚಿ ನೋಡದೆಯೇ ಹೇಳುತ್ತಿದ್ದ. ಉಪ್ಪಿನಕಾಯಿ ಭರಣಿಯನ್ನು ಒಯ್ದು ದೇವರ ಗೂಡಿನ ಹಿಂದೆ ಬಚ್ಚಿಟ್ಟ. ಊಟದ ಹೊತ್ತಿಗೆ ಸರಿಯಾಗಿ ಯಾವುದೋ ಬೋಲ್ಟು ತರಲು ಮಾದುವನ್ನು ಹನೂರಿಗೆ ಅಟ್ಟಿದ. ಆ ಪುಣ್ಯಾತ್ಮ ಅಲ್ಲಿ ಹೋಟೆಲಿನಲ್ಲಿ ಉಂಡು ಬಂದು, "ಅದೂ ಒಂದು ಮುದ್ದೇನಾ ಅತ್ಗೆ, ಬಾಯೇ ಕೆಟ್ಟೋಯ್ತು" ಎಂದು ಮತ್ತೆ ಇಲ್ಲಿ ಕೂತು ಉಂಡ. ರೂಪ ಸೆರಗು ಬಾಯಿಗಿಟ್ಟು ನಕ್ಕಳು. ಅಣ್ಣನ ಮನಸ್ಸು ಮಾದುವಿಗೆ ಒಂದಿಷ್ಟೂ ತಿಳಿಯಲಿಲ್ಲ. ತಿಂದದ್ದು ಮೈಗೆ ಹತ್ತದವರಿಗೆ ಇನ್ನೊಬ್ಬರ ನೋಟವೂ ಹತ್ತುವುದಿಲ್ಲವೇನೋ.

ಕೊನೆಗೆ ರಾಜಣ್ಣ ಮಿಲ್ಲಿನ ಹಿಂದೆ ನಿಂತು ಶೃತಿಗೆ ಫೋನು ಮಾಡಿದ. "ಮೇಡಂ, ಮುದ್ದೆ ತಿನ್ನಬೌದಾ?"

"ಈಗ ತಿನ್ನಬಹುದು ಸರ್. ರಾಗಿ ಒಳ್ಳೆಯದೇ. ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು ತಿನ್ನಿ."

ಚೆನ್ನಾಗಿ ಅಗಿಯಿರಿ ಎಂಬುದು ಆ ಹುಡುಗಿ ಮೊಸರಿಗೂ ಹೇಳುವ ಮಾತು. ರಾಜಣ್ಣನ ಕಿವಿಗೆ ಬಿದ್ದದ್ದು ತಿನ್ನಬಹುದು ಎಂಬುದಷ್ಟೇ. ಮುದ್ದೆಗೂ ಅಗಿಯುವುದಕ್ಕೂ ಸಂಬಂಧವಿರಬಹುದು ಎಂದು ಆ ಸೀಮೆಯ ಯಾವ ಗಂಡಸಿಗೂ ಹೊಳೆಯುವುದಿಲ್ಲ. ಅಪ್ಪಣೆ ಸಿಕ್ಕಿದ್ದನ್ನು ಅವನು ರೂಪಳಿಗೆ ಹೇಳಲಿಲ್ಲ. ಅವಳೇ ಒಂದು ದಿನ ತಾನಾಗಿ ಕರೆದು ಬಡಿಸಲಿ ಎಂದು ಬಿಗುಮಾನದಿಂದ ಕಾದ. ಅವಳಿಗೆ ಗೊತ್ತೇ ಇಲ್ಲದ ಮೇಲೆ ಹೇಗೆ ಬಡಿಸುತ್ತಾಳೆ? ಈ ಸರಳ ಲೆಕ್ಕ ಹೊಟ್ಟೆ ಉರಿಯುವವನ ತಲೆಗೆ ಹತ್ತಲಿಲ್ಲ.

ಅಷ್ಟರಲ್ಲಿ ಮಾಂಬಳ್ಳಿಯಿಂದ ರೂಪಳ ಅಣ್ಣ ನಾಗಯ್ಯನ ಫೋನು ಬಂತು. ಹೊಸ ಮನೆ ಕಟ್ಟಿದ್ದ. ಪೂಜೆಯ ಮಾರನೆಯ ದಿನ ನೆಂಟರಿಗೆ ಬಾಡೂಟ. "ಇಲ್ಲಿ ಅಷ್ಟು ಜನಕ್ಕೆ ಮುದ್ದೆ ತೊಳ್ಸಾರು ಯಾರಿದ್ದಾರು? ನೀನೇ ಬರ್ಬೇಕು ಕಣವ್ವ" ಎಂದ. ಮಡಕೆ ಇಳಿಸಿ ಎತ್ತಲು ಒಂದು ಗಟ್ಟಿ ಆಳು ಬೇಕೆಂದು ರೂಪ ಮಾದುವನ್ನೂ ಹೊರಡಿಸಿದಳು. ಗಂಡನಿಗೆ ಡಬ್ಬಿಯಲ್ಲಿ ಇಡ್ಲಿ, ಮೊಸರು ಕಟ್ಟಿದಳು.

ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸುವಾಗ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕಂಡಕ್ಟರೊಬ್ಬ ಗಡಿಬಿಡಿಯಲ್ಲಿ ಎರಡೆರಡು ಪೂರಿ ಒಟ್ಟಿಗೆ ಮಡಚಿ ಬಾಯಿಗೆ ತುರುಕುತ್ತಿದ್ದ. ಗುರುತಿಲ್ಲದ ಆ ಮನುಷ್ಯನ ಮೇಲೂ ರಾಜಣ್ಣನಿಗೆ ಸಿಟ್ಟು ಬಂತು. ಉಣ್ಣುವುದನ್ನು ಆತುರದಲ್ಲಿ ಮುಗಿಸುವವನಿಗೆ ದೇವರು ಅಷ್ಟು ದೊಡ್ಡ ಹೊಟ್ಟೆ ಯಾಕೆ ಕೊಟ್ಟ ಎಂದು ಬಸ್ಸು ಹೊರಡುವವರೆಗೂ ಗೊಣಗಿದ.

ನಾಗಯ್ಯನ ಹಿತ್ತಲಿನಲ್ಲಿ ಪೆಂಡಾಲು ಹಾಕಿದ್ದರು. ಪಂಕ್ತಿಯಲ್ಲಿ ರಾಜಣ್ಣ, ಅವನ ಪಕ್ಕ ಮಾದು. ಎಲ್ಲರಿಗೂ ಎಲೆ ಹಾಕಿ, ರಾಜಣ್ಣನ ಎಲೆಯ ಮೇಲೆ ರೂಪ ಡಬ್ಬಿ ಇಟ್ಟುಹೋದಳು. ಆಮೇಲೆ ಬುಟ್ಟಿ ಹೊತ್ತು ತಾನೇ ಮುದ್ದೆ ಬಡಿಸುತ್ತ ಬಂದಳು. ಉಂಡವರೆಲ್ಲ ಹೊಗಳುವವರೇ. ಮಾದು ಒಂದು ಮುಗಿಸಿದ, ಎರಡು ಮುಗಿಸಿದ. "ಇನ್ನೊಂದು ಆಕಿ ಅತ್ಗೆ" ಎಂದಾಗ ಎದುರು ಸಾಲಿನ ಮುದುಕ ಪುಟ್ಟಸಿದ್ದಯ್ಯ, ರೂಪಳ ಸೋದರಮಾವ, ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

"ಅಣ್ಣನ ಊಟ ಎಲ್ಲೋಯ್ತು ಅಂತಿದ್ದೆ. ತಮ್ಮನ ಎಲೆಗೆ ಬಂದದೆ ಬುಡು."

ಪಂಕ್ತಿಯೆಲ್ಲ ನಕ್ಕಿತು. ರೂಪಳೂ ನಕ್ಕಳು.

ರಾಜಣ್ಣ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. "ನಂಗೂ ಒಂದು ಆಕು" ಎಂದ.

"ಬ್ಯಾಡ ಕಣ್ರಿ" ಎಂದಳು ರೂಪ ಮೆಲ್ಲಗೆ.

"ಆಕು ಅಂದ್ರೆ ಆಕು. ಶೃತಿ ಮೇಡಂ ತಿನ್ನಬೌದು ಅಂತ ಅವತ್ತೇ ಏಳವ್ರೆ."

ರೂಪಳ ಮುಖದಲ್ಲಿದ್ದ ನಗು ಹಾಗೇ ಆರಿತು. ಇಷ್ಟು ಜನರ ಎದುರು ಜಗಳ ಬೇಡವೆಂದು ಬುಟ್ಟಿಯಿಂದ ಒಂದು ಮುದ್ದೆ ಎತ್ತಿ ಎಲೆಯ ಮೇಲೆ ಹಾಕಿ, ಸಾರು ಬಡಿಸುವವನಿಗೆ ಕಣ್ಸನ್ನೆ ಮಾಡಿ ಮುಂದೆ ಹೋದಳು.

ರಾಜಣ್ಣ ತುತ್ತು ಮುರಿದ. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಹೊರಳಿಸಿದ, ನುಂಗಿದ. ಇಳಿಯಿತು. ಅವನಿಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಪಕ್ಕಕ್ಕೆ ತಿರುಗಿ, ನೋಡ್ಲಾ ಎಂಬಂತೆ ಮಾದುವಿನ ಮುಖ ನೋಡಿ ಎರಡನೆಯದನ್ನು ನುಂಗಿದ. ಮೂರನೆಯದು ಎದೆಯ ನಡುವೆ ನಿಂತಿತು. ಕೆಳಗೂ ಹೋಗದು, ಮೇಲೂ ಬಾರದು. ಬಾಯಲ್ಲಿ ಎಂಜಲು ಉಕ್ಕತೊಡಗಿತು, ಹಣೆಯ ಮೇಲೆ ಬೆವರು ಮೂಡಿತು, ಎದೆಯೊಳಗೆ ಯಾರೋ ಮೊಣಕೈ ಒತ್ತಿ ಹಿಡಿದಂತಾಯಿತು. ಪಂಕ್ತಿಯ ನಡುವೆ ಎದ್ದು ಹೋಗುವುದು ಬಡಿಸಿದವರಿಗೆ ಮಾಡುವ ಅವಮಾನ. ರಾಜಣ್ಣ ಎದ್ದು, ಬಾಯಿಗೆ ಟವೆಲು ಒತ್ತಿಕೊಂಡು ಮನೆಯ ಹಿಂದಕ್ಕೆ ಓಡಿದ.

ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಗ್ಗಿ ನಿಂತ. ನೊರೆ ಬಂತು, ಮತ್ತೆ ನೊರೆ ಬಂತು. ಹಿಂದಿನಿಂದ ಒಂದು ಕೈ ಬಂದು ಹಣೆ ಹಿಡಿಯಿತು. ರಾಗಿಹಿಟ್ಟಿನ ವಾಸನೆಯ ಕೈ. ತುಂಬ ಹೊತ್ತಾದ ಮೇಲೆ ಸಿಕ್ಕಿಕೊಂಡಿದ್ದದ್ದು ಹೊರಗೆ ಬಿತ್ತು, ಹೇಗೆ ನುಂಗಿದ್ದನೋ ಹಾಗೇ. ಅವನು ಕಲ್ಲಿನ ಮೇಲೆ ಕುಸಿದು ಕೂತ. ರೂಪ ಸೆರಗಿನಿಂದ ಅವನ ಮುಖ ಒರೆಸಿ, ಉಸಿರು ಹತೋಟಿಗೆ ಬರುವ ತನಕ ಬೆನ್ನು ಸವರಿದಳು.

"ಇಂಗ್ಯಾಕೆ ಮಾಡ್ಕಂಡ್ರಿ?"

"ನೀನು ಅವ್ನಿಗೆ ಬಡ್ಸುವಾಗ ನಗ್ತೀಯ" ಎಂದ ರಾಜಣ್ಣ. ಹೇಳಿದ ಮೇಲೆ ನಾಚಿಕೆಯಾಗಿ ನೆಲ ನೋಡಿದ. "ನನ್ನ ಉಣ್ಣಕ್ಕೆ ಕರ್ದು ಎಷ್ಟು ದಿನ ಆಯ್ತು? ನನಗೆ ಬರೀ ಪೌಡ್ರು. ಕೂಗೋದೆಲ್ಲ ಅವ್ನ."

ರೂಪ ಅವನನ್ನೇ ನೋಡಿದಳು. ಅವಳ ದನಿ ಏರಲಿಲ್ಲ, ಆದರೆ ಅದರಲ್ಲಿ ಸಿಟ್ಟಿತ್ತು.

"ನಿಮ್ಮ ಕರೆಯಕ್ಕೆ ನಂಗೇನು ಉಳ್ದದೆ ಏಳಿ. ಏನು ತಿನ್ಬೇಕು, ಎಷ್ಟು ತಿನ್ಬೇಕು, ಎಲ್ಲಾನೂ ಆ ಮೈಸೂರು ಉಡುಗಿನೇ ಕೇಳ್ತೀರಿ. ಒಂದು ದಿನ ನನ್ನ ಸಾರು ಎಂಗದೆ ಅಂದ್ರಾ? ಮುದ್ದೆ ತಿನ್ನಬೌದು ಅನ್ನೋದೂವೆ ಅವಳಿಗೆ ಗೊತ್ತು, ನಂಗೆ ಗೊತ್ತಿಲ್ಲ. ಇಷ್ಟು ವರ್ಸ ನಿಮ್ಮ ಹೊಟ್ಟೆ ನೋಡ್ಕಂಡೋಳು ನಾನು. ನೀವು ಫೋನ್ ಇಡ್ಕಂಡು ಆಚೆ ಓದಾಗೆಲ್ಲ ನನ್ನ ಎದೆ ಉರೀತಿತ್ತು. ಮಾದು ಬಂದು ಇನ್ನೊಂದು ಆಕಿ ಅಂದ್ಮೇಲೆ ನಾನೂ ಈ ಮನೇಲಿ ಇವ್ನಿ ಅನ್ಸ್ತು."

ಮನೆಯಲ್ಲಿ ಉರಿಯುತ್ತಿರುವುದು ತಾನೊಬ್ಬನೇ ಎಂದು ರಾಜಣ್ಣ ಅಂದುಕೊಂಡಿದ್ದ. ಆ ಕೆಟ್ಟ ಗಳಿಗೆಯಲ್ಲೂ, ತನಗಾಗಿ ಇವಳೂ ಉರಿದಳಲ್ಲ ಎಂದು ಅವನಿಗೆ ಒಳಗೊಳಗೇ ಹಿತವಾಯಿತು.

"ಅವಳು ಏನೇನಂದ್ಲು, ಪೂರ್ತಿ ಏಳಿ" ಎಂದಳು ರೂಪ.

"ಸ್ವಲ್ಪ ಸ್ವಲ್ಪ ತಿನ್ನಿ ಅಂದ್ಲು. ಚೆನ್ನಾಗಿ ಅಗ್ದು."

"ಅಗ್ದ್ರಾ?"

"ಮುದ್ದೇನಾ?" ಎಂದು ರಾಜಣ್ಣ ಬೆರಗಿನಿಂದ ತಲೆ ಎತ್ತಿದ.

ಮಾರನೆಯ ಮಧ್ಯಾಹ್ನ ಅಜ್ಜೀಪುರದಲ್ಲಿ ಮಿಲ್ಲು ಓಡುತ್ತಿತ್ತು. ಮಾದು ಯಂತ್ರದ ಬಾಯಿಗೆ ಕಾಳು ಸುರಿಯುತ್ತಿದ್ದ. ಮನೆಯ ಬಾಗಿಲಿಂದ ಕೂಗು ಬಂತು.

"ರೀ, ಉಣ್ಣಕ್ಕೆ ಬನ್ನಿ."

ಮಾದು ಕೈ ಒರೆಸಿಕೊಂಡು ಹೊರಟ. "ನಿನ್ನಲ್ಲ ಕಣ್ಲಾ, ನನ್ನ ಕರೆದದ್ದು. ಕಾಳು ಮುಗಿಸಿ ಬಾ" ಎಂದು ರಾಜಣ್ಣ ಅವನನ್ನು ತಡೆದು ತಾನು ಒಳಗೆ ಹೋದ. ಹೋದವನು ಬಾಗಿಲು ಹಾಕಿ ಅಗುಳಿ ಇಟ್ಟ. ಕಿಟಕಿಯನ್ನೂ ಮುಚ್ಚಿದ. ತಾನು ಮುದ್ದೆ ಅಗಿಯುವುದನ್ನು ಯಾರಾದರೂ ಕಂಡರೆ ಬ್ಯಾಂಕಿನ ಮ್ಯಾನೇಜರನ ಕಥೆಯ ಜೊತೆ ತನ್ನ ಕಥೆಯೂ ಊರು ಸುತ್ತುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ತಟ್ಟೆಯಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಮುದ್ದೆ. ಪಕ್ಕದಲ್ಲಿ ನಾಲ್ಕು ಚಮಚ ಹುರುಳಿ ಸಾರು. ಚಿಕ್ಕದಾದರೂ ಗುಂಡಗೆ, ನುಣ್ಣಗೆ, ನೀರು ಸವರಿ ಕಟ್ಟಿದ ಮುದ್ದೆ. ರಾಜಣ್ಣ ಕಡಲೆಕಾಳಿನಷ್ಟು ಮುರಿದು ಬಾಯಿಗಿಟ್ಟ. ಅಭ್ಯಾಸಬಲದಿಂದ ಗಂಟಲು ಅದನ್ನು ಎಳೆದುಕೊಳ್ಳಲು ಹೋಯಿತು.

"ಅಗೀರಿ" ಎಂದಳು ಎದುರು ಕೂತ ರೂಪ.

ಅಗಿದ. ಹಲ್ಲಿಗೆ ಮೆತ್ತಿಕೊಂಡಿತು, ನಾಲಗೆಯಿಂದ ಬಿಡಿಸಿಕೊಂಡು ಮತ್ತೆ ಅಗಿದ. ಮುಖವೆಲ್ಲ ಕಿವುಚಿಕೊಂಡು, ಬೀದಿಯಲ್ಲಿ ಪಂಚೆ ಬಿಚ್ಚಿದವನಂತೆ ಸಂಕೋಚಪಟ್ಟು ಅಗಿದ. ಆಮೇಲೆ ನಿಧಾನವಾಗಿ ರಾಗಿಯ ಸಿಹಿ ನಾಲಗೆಗೆ ಬಂತು. ಮುದ್ದೆಗೆ ಸಾರಿನದಲ್ಲದೆ ತನ್ನದೇ ಒಂದು ರುಚಿ ಇದೆ ಎಂಬುದು ಹುಟ್ಟಿದಾಗಿನಿಂದ ಅದನ್ನು ನುಂಗಿದ ಮನುಷ್ಯನಿಗೆ ತಿಳಿದಿರಲಿಲ್ಲ. ಎರಡನೆಯ ಚೂರು ಇಟ್ಟುಕೊಂಡು ಅಗಿಯುತ್ತಿದ್ದವನು ಥಟ್ಟನೆ ನಿಲ್ಲಿಸಿದ. ಹಲ್ಲಿನ ನಡುವೆ ಸಣ್ಣಗೆ ಏನೋ ಒಡೆದು, ಹಸಿ ಹಿಟ್ಟು ನಾಲಗೆಯ ಮೇಲೆ ಪುಡಿಯಾಯಿತು.

"ಗಂಟು ಅದೆ" ಎಂದ.

"ಯಾವತ್ತು ಇರ್ನಿಲ್ಲ?" ಎಂದಳು ರೂಪ. "ದೊಡ್ಡವು ಓದೋ. ಸಣ್ಣವು ಅವತ್ತಿಂದ್ಲೂ ಇದ್ದೋ. ಅಗ್ದಿದ್ರೆ ತಾನೆ ಗೊತ್ತಾಗೋದು."

ಊರೆಲ್ಲ ಸಾರಿಕೊಂಡು ಬಂದ ಮುದ್ದೆಯನ್ನು ರಾಜಣ್ಣ ತಟ್ಟೆಯಲ್ಲಿ ನೋಡಿದ, ರೂಪಳನ್ನು ನೋಡಿದ. ಅವಳು ನಗು ತಡೆಯಲಾರದೆ ಸೆರಗಿಗೆ ಕೈ ಹಾಕಿದ್ದಳು. ಮಾದುವಿಗೆ ಬಡಿಸುವಾಗ ಬರುತ್ತಿದ್ದ ನಗು ಇದಲ್ಲ. ಇದನ್ನು ಅವನು ಹೊಸದಾಗಿ ನೋಡುತ್ತಿದ್ದ. ಇಷ್ಟು ವರ್ಷ ಇವಳು ಒಬ್ಬಳೇ ಇಟ್ಟುಕೊಂಡಿದ್ದ ಗುಟ್ಟು ಈಗ ತನ್ನ ಬಾಯಿಗೆ ಸಿಕ್ಕಿತ್ತು. ಮೂರು ಮುದ್ದೆ ನುಂಗುವ ಮಾದುವಿಗೆ ಇದು ಎಂದಿಗೂ ಸಿಗುವುದಿಲ್ಲ ಎಂದು ಹೊಳೆದಾಗ ರಾಜಣ್ಣನ ಎದೆ ತಣ್ಣಗಾಯಿತು.

ಹೊರಗೆ ಮಿಲ್ಲು ನಿಂತಿತು. ಬಾಗಿಲು ಬಡಿದ ಸದ್ದು. "ಅತ್ಗೆ, ಕಾಳು ಮುಗೀತು, ಬರ್ಲಾ?"

"ಅವ್ನಿಗೆ ಅಗೀ ಅಂತ ಏಳ್ಬ್ಯಾಡ" ಎಂದು ರಾಜಣ್ಣ ಪಿಸುಗುಟ್ಟಿದ. "ನುಂಗ್ಕಂಡಿರ್ಲಿ."

ರೂಪ ಅಗುಳಿ ತೆಗೆಯಲು ಎದ್ದಳು. ತಟ್ಟೆಯಲ್ಲಿ ಮುದ್ದೆ ಇನ್ನೂ ಅರ್ಧ ಉಳಿದಿತ್ತು, ಹೊಟ್ಟೆ ಆಗಲೇ ಸಾಕೆಂದಿತ್ತು. ರಾಜಣ್ಣ ತಲೆ ಎತ್ತದೆ ತಟ್ಟೆಯನ್ನು ಮುಂದೆ ತಳ್ಳಿದ.

"ಇನ್ನೊಂದು ಆಕು" ಎಂದ.

ಅವನು ಅದನ್ನು ತಿನ್ನಲಾರ ಎಂಬುದು ರೂಪಳಿಗೆ ಗೊತ್ತಿತ್ತು. ಆದರೂ ವಾಪಸು ಬಂದು, ಕೈಗೆ ನೀರು ಸವರಿಕೊಂಡು, ಇನ್ನೊಂದು ನೆಲ್ಲಿಕಾಯಿಯಷ್ಟನ್ನು ಕಟ್ಟಿ ಅವನ ತಟ್ಟೆಗೆ ಹಾಕಿ ಆಮೇಲೆ ಬಾಗಿಲು ತೆಗೆದಳು. ಮಾದು ಒಳಗೆ ಬಂದು ಪಕ್ಕದಲ್ಲಿ ಕೂತಾಗ ರಾಜಣ್ಣ ಆ ಮುದ್ದೆಗೆ ಕೈ ಅಡ್ಡ ಇಟ್ಟುಕೊಂಡ.